ಸೆಪ್ಟೆಂಬರ್ 17ರ ಇನ್ನರ್ಧ

ಪ್ರತಿ ಸೆಪ್ಟೆಂಬರ್ 17ಕ್ಕೆ ನಮ್ಮೂರಿನ ವಾಟ್ಸಾಪ್ ಗ್ರೂಪಿನಲ್ಲಿ ಶುಭಾಶಯಗಳ ಸುರಿಮಳೆ. 1948, ನಿಜಾಮನ ಆಳ್ವಿಕೆ ಮುಗಿದ ದಿನ. ಸಂತೋಷವೇ. ಆದರೆ ಆಮೇಲೇನಾಯ್ತು ಅಂತ ಕೇಳಿ ನೋಡಿ, ಗ್ರೂಪ್ ತಣ್ಣಗಾಗುತ್ತೆ.

ಬಸವಕಲ್ಯಾಣ ತಾಲ್ಲೂಕಿನ ಗೋರಟಾದಲ್ಲಿ ಆ ವರ್ಷದ ಮೇ ತಿಂಗಳಲ್ಲಿ ರಜಾಕಾರರು ನಡೆಸಿದ ಕಗ್ಗೊಲೆ ಎಲ್ಲರಿಗೂ ಗೊತ್ತು. ಅಲ್ಲೀಗ ಸ್ಮಾರಕವಿದೆ. ಇರಲೇಬೇಕು, ಅದರ ಬಗ್ಗೆ ತಕರಾರಿಲ್ಲ. ತಕರಾರಿರೋದು ಲೆಕ್ಕ ಅಲ್ಲಿಗೇ ಮುಗಿಸೋದರ ಬಗ್ಗೆ. ಪೊಲೀಸ್ ಕಾರ್ಯಾಚರಣೆಯ ಹೊತ್ತಲ್ಲಿ ಮತ್ತು ಆನಂತರ ಸತ್ತವರು ಕನಿಷ್ಠ 27ರಿಂದ 40 ಸಾವಿರ ಅಂತ ಅಂದಾಜಿಸಿದ್ದು ನೆಹರೂ ಸರ್ಕಾರವೇ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ. ಹೆಚ್ಚಿನವರು ಮುಸ್ಲಿಮರು. ತೀರಾ ಪೆಟ್ಟು ತಿಂದ ನಾಲ್ಕು ಜಿಲ್ಲೆಗಳಲ್ಲಿ ಬೀದರ್, ಗುಲ್ಬರ್ಗಾ ಎರಡೂ ಇದ್ದವು. ಆ ವರದಿ ದಶಕಗಟ್ಟಲೆ ಕಪಾಟಿನಲ್ಲೇ ಕೂತಿತ್ತು.

"ಅವರೇ ಶುರು ಮಾಡಿದ್ದಲ್ವಾ?" ಅಂತೀರಿ. "ಅವರು" ಅಂದರೆ ಯಾರು? ನಿಜಾಮ 1950ರಲ್ಲಿ ಭಾರತ ಗಣರಾಜ್ಯದ ರಾಜಪ್ರಮುಖನಾದ, 1956ರವರೆಗೆ ಹಾಗೇ ಇದ್ದ. 1949ರಲ್ಲಿ ಜಾಗೀರುಗಳು ರದ್ದಾದವು, ಜಾಗೀರುದಾರರಿಗೆ ಪರಿಹಾರದ ಹಣ ಸಿಕ್ತು. ಅದೇ ನಿಜಾಮನಿಗೆ ಕಂದಾಯ ವಸೂಲಿ ಮಾಡಿಕೊಟ್ಟು ಬೆಳೆದ ಹಿಂದೂ ದೇಶಮುಖ, ಪಟೇಲರನ್ನೂ ಯಾರೂ "ನಿಜಾಮನ ಕಡೆಯವರು" ಅನ್ನಲಿಲ್ಲ. ಆ ಹಣೆಪಟ್ಟಿ ಅಂಟಿದ್ದು ನಿಜಾಮನ ಮುಖವನ್ನೇ ನೋಡದ ಬಡ ಮುಸ್ಲಿಮನಿಗೆ. ದೊಡ್ಡವರ ರಾಜ್ಯ ಬಿತ್ತು, ಬಿದ್ದದ್ದು ಮಾತ್ರ ಸಣ್ಣವರ ಮೇಲೆ.

ಈ ಸೀಮೆಗೆ ಬೇರೆ ಥರ ಬದುಕೋದು ಗೊತ್ತಿಲ್ಲದೇ ಇರಲಿಲ್ಲ. ಹುಮನಾಬಾದಿನ ಮಾಣಿಕನಗರದಲ್ಲಿ 19ನೇ ಶತಮಾನದಲ್ಲೇ ಮಾಣಿಕ ಪ್ರಭುಗಳು ಕಟ್ಟಿದ ಪಂಥದ ಹೆಸರೇ ಸಕಲಮತ. ಅವರ ಬಳಿ ಹಿಂದೂಗಳೂ ಬಂದರು, ಮುಸ್ಲಿಮರೂ ಬಂದರು. ಇನ್ನು ಬಸವಣ್ಣನ ಕಲ್ಯಾಣ ಹೊತ್ತಿ ಉರಿದದ್ದೇ ಜಾತಿ ಮೀರಿದ ಒಂದು ಮದುವೆಗೆ ಅಂತ ಕೇಳುತ್ತಲೇ ಬೆಳೆದವರು ನಾವು. 2019ರಲ್ಲಿ ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು ಅಳಿಸಿ ಕಲ್ಯಾಣ ಕರ್ನಾಟಕ ಅಂತ ಬರೆದಿದ್ದಾಯ್ತು. ಆ ಹೆಸರು ಇಟ್ಟುಕೊಂಡವರು ಸತ್ತವರಲ್ಲಿ "ನಮ್ಮವರು", "ಅವರು" ಅಂತ ಭೇದ ಮಾಡಬಾರದು.

ಮುಂದಿನ ಸೆಪ್ಟೆಂಬರ್ 17ಕ್ಕೆ ಶುಭಾಶಯ ಫಾರ್ವರ್ಡ್ ಮಾಡೋ ಮುಂಚೆ ಊರಲ್ಲಿರೋ ಹಿರಿಯರಿಗೊಂದು ಫೋನ್ ಹಚ್ಚಿ. ಆ ವರ್ಷ ನಮ್ಮ ಓಣಿಯಿಂದ ಯಾರ್‍ಯಾರು ಕಾಣೆಯಾದರು, ಅವರ ಹೊಲ ಈಗ ಯಾರ ಹೆಸರಲ್ಲಿದೆ ಅಂತ ಕೇಳಿ.