ಯಾರ ಎಲುಬು?
ರಾಗಿಗುಡ್ಡದ ಚಹಾದಂಗಡಿಯಲ್ಲಿ ಯಾವ ಕೊಲೆ ಸುದ್ದಿ ಬಂದರೂ ಗ್ಲಾಸು ಖಾಲಿಯಾಗುವ ಮೊದಲೇ ತೀರ್ಪು ಹೊರಬೀಳುತ್ತದೆ: 'ಗಂಡಂದೇ ಕೆಲಸ, ಇನ್ಯಾರು?' ಕುಶಾಲನಗರದ ಪ್ರಕರಣವೊಂದರಲ್ಲಿ ಪೊಲೀಸರೂ ಹೆಚ್ಚುಕಡಿಮೆ ಹಾಗೇ ಯೋಚಿಸಿರಬೇಕು. ಅಲ್ಲಿಯ ಬಡ ಕೂಲಿಕಾರನೊಬ್ಬನ ಹೆಂಡತಿ 2020ರಲ್ಲಿ ಕಾಣೆಯಾದಳು. ದೂರು ಕೊಟ್ಟವನು ಅವನೇ. ಪಿರಿಯಾಪಟ್ಟಣ ತಾಲ್ಲೂಕಿನ ಬೆಟ್ಟದಪುರದ ಬಳಿ ಒಂದು ಅಸ್ಥಿಪಂಜರ ಸಿಕ್ಕಿದ್ದೇ ತಡ, ಅದು ಆಕೆಯದೇ ಎಂದಾಯಿತು, ಕೊಂದವನು ಗಂಡನೇ ಎಂದೂ ಆಯಿತು. ಡಿಎನ್‌ಎ ವರದಿ ಬರುವ ಮುಂಚೆಯೇ ದೋಷಾರೋಪ ಪಟ್ಟಿ ಸಿದ್ಧ! ಆಮೇಲೆ ಬಂದ ವರದಿ, ಎಲುಬಿಗೂ ಆಕೆಯ ತಾಯಿಯ ರಕ್ತಕ್ಕೂ ತಾಳೆಯಿಲ್ಲ ಎಂದಿತು. ಕಥೆ ಅಲ್ಲಿಗೇ ಮುಗಿಯಬೇಕಿತ್ತು; ಮೊಕದ್ದಮೆ ಮಾತ್ರ ನಡೆದೇ ಇತ್ತು. ಸಾಂದರ್ಭಿಕ ಸಾಕ್ಷ್ಯದ ಸರಪಳಿಯಲ್ಲಿ ಒಂದು ಕೊಂಡಿಯೂ ಕಳಚಿರಬಾರದು, 'ಕೊಂದಿರಬಹುದು' ಎಂಬುದು 'ಕೊಂದಿದ್ದಾನೆ' ಆಗದು ಎಂದು ಸುಪ್ರೀಂ ಕೋರ್ಟ್ 1984ರಲ್ಲೇ, ಶರದ್ ಸಾರ್ದಾ ಪ್ರಕರಣದಲ್ಲಿ, ಬಿಡಿಸಿ ಹೇಳಿದೆ. ಇಲ್ಲಿ ಕಳಚಿದ್ದು ಮೊದಲ ಕೊಂಡಿಯೇ. ಆತ ಸುಮಾರು ಒಂದೂವರೆ ವರ್ಷ ಜೈಲಿನಲ್ಲಿದ್ದ. 2025ರ ಏಪ್ರಿಲ್‌ನಲ್ಲಿ ಮಡಿಕೇರಿಯ ಹೋಟೆಲೊಂದರಲ್ಲಿ 'ಸತ್ತ' ಹೆಂಡತಿ ಅವನ ಗೆಳೆಯರ ಕಣ್ಣಿಗೆ ಬಿದ್ದಳು. ಆಕೆ ಕಾಣದೇ ಹೋಗಿದ್ದರೆ? ಸಂಶಯದ ಲಾಭವೆಂದರೆ ಕೋರ್ಟು ಆರೋಪಿಗೆ ಹಾಕುವ ಭಿಕ್ಷೆ ಎಂದು ಮೂಗು ಮುರಿಯುವವರು ಇದಕ್ಕೆ ಉತ್ತರ ಹೇಳಲಿ. ಮೈಸೂರಿನ ಸೆಷನ್ಸ್ ನ್ಯಾಯಾಲಯ ಅವನನ್ನು ಖುಲಾಸೆಗೊಳಿಸಿ, 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಹಾಗಾದರೆ ಬೆಟ್ಟದಪುರದಲ್ಲಿ ಸಿಕ್ಕ ಆ ಎಲುಬುಗಳು ಯಾರವು? ಅದನ್ನೂ ಪೊಲೀಸರೇ ಹೇಳಬೇಕು.