ಉದ್ರಿ ಲೆಕ್ಕ ಮತ್ತು ರಾಜಿಯ ಕಾಗದ
ಇರಕಲ್ಲಗಡದ ಕಡೆಯ ರೈತ ಮೆಕ್ಕೆಜೋಳ, ಸಜ್ಜೆ ಹೇರಿಕೊಂಡು ಕೊಪ್ಪಳದ ಗಂಜ್ ಮಾರುಕಟ್ಟೆಗೆ ಹೋದರೆ ಅರ್ಧ ವ್ಯವಹಾರ ನಡೆಯುವುದು ಬಾಯಿಮಾತಿನ ಮೇಲೆಯೇ. ಬಿತ್ತನೆಗೆ ತಂದ ಮುಂಗಡ, ಗೊಬ್ಬರದ ಉದ್ರಿ, ಹಸಿ ಇದೆ ಎಂದು ಮುರಿದ ತೂಕ ಎಲ್ಲವೂ ಒಂದೇ ಪಟ್ಟಿಯಲ್ಲಿ ಸೇರಿಕೊಳ್ಳುತ್ತವೆ. ತಕರಾರು ಹುಟ್ಟುವುದೂ ಅಲ್ಲಿಯೇ. ಬಾಕಿಗೆ ಕೊಟ್ಟ ಚೆಕ್ ಬೌನ್ಸ್ ಆಗಿ ಅದು ಕೋರ್ಟು ಹತ್ತಿದರೆ ವಾಯಿದೆಯ ಮೇಲೆ ವಾಯಿದೆ, ವಕೀಲರ ಫೀಸು, ಕೆಟ್ಟುಹೋದ ಕೆಲಸದ ದಿನಗಳು. ಮುಂದಿನ ಸುಗ್ಗಿಗೆ ರೈತ, ವರ್ತಕ ಇಬ್ಬರೂ ಮುಖ ಕೊಟ್ಟು ಮಾತಾಡುವುದಿಲ್ಲ. ಗೆದ್ದವ ಸೋತ, ಸೋತವ ಸತ್ತ ಎಂದು ಹಿರಿಯರು ಸುಮ್ಮನೆ ಅಂದದ್ದಲ್ಲ. ಕಾನೂನೇ ರಾಜಿಗೆ ಬಾಗಿಲು ತೆರೆದಿಟ್ಟಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ಕೋರ್ಟಿನ ಡಿಕ್ರಿಯ ಬೆಲೆಯಿದೆ. ಅದರ ಮೇಲೆ ಅಪೀಲು ಇಲ್ಲ, ದಾವೆಗೆ ಕಟ್ಟಿದ ಶುಲ್ಕವೂ ವಾಪಸು ಬರುತ್ತದೆ. ದಾವೆ ಹೂಡುವ ಮೊದಲೂ ಅಲ್ಲಿಗೆ ಹೋಗಬಹುದು. 3 ಲಕ್ಷ ರೂಪಾಯಿ ಮತ್ತು ಅದಕ್ಕೂ ಮೇಲ್ಪಟ್ಟ ವಾಣಿಜ್ಯ ವ್ಯಾಜ್ಯಕ್ಕೆ, ತುರ್ತು ಪರಿಹಾರ ಕೇಳದಿದ್ದರೆ, ದಾವೆಗೂ ಮೊದಲು ಮಧ್ಯಸ್ಥಿಕೆ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. ಆದರೆ ರಾಜಿಯೆಂದರೆ ಬಡವ ಬಾಗುವುದು ಎಂದಾಗಬಾರದು. ಊರ ಕಟ್ಟೆಯ ಮೇಲೆ ದೊಡ್ಡವರ ದನಿಯೇ ದೊಡ್ಡದಾಗುವ ಅಪಾಯ ನನ್ನನ್ನು ಕಾಡುತ್ತದೆ. ಅದಕ್ಕೇ ತೂಕದ ಚೀಟಿ, ಬ್ಯಾಂಕಿನ ಪಾಸ್‌ಬುಕ್ ಮುಂದಿಟ್ಟುಕೊಂಡೇ ಮಾತಿಗೆ ಕೂಡಬೇಕು. ಒಪ್ಪಿದ ಮೊತ್ತ, ಕಂತು, ತಾರೀಖು ಅದಾಲತ್‌ನಲ್ಲೇ ಬರೆಸಿ, ಓದಿಸಿ ಕೇಳಿದ ಮೇಲೆಯೇ ಸಹಿ ಹಾಕಬೇಕು.