ಮನೆವಾರ್ತೆ: ಮೀನೂ ಹಾಲೂ ಕೂಡಿದ ರೊಟ್ಟಿ

ಸುರಪುರದ ಒಬ್ಬ ಸೋದರಿಯು ಬರೆದಿರುವ ಕಾಗದವೇ ಈ ತಿಂಗಳ ಪುಟಕ್ಕೆ ವಿಷಯವನ್ನು ಒದಗಿಸಿದೆ. ಆಕೆಯ ಹನ್ನೊಂದು ವರ್ಷದ ಮಗಳಿಗೆ ಮೊಣಕೈಯ ಮೇಲೂ ತುಟಿಯ ಅಂಚಿನಲ್ಲಿಯೂ ಬಿಳಿಯ ಮಚ್ಚೆಗಳು ಕಾಣಿಸಿಕೊಂಡು ಒಂದು ವರ್ಷವಾಯಿತಂತೆ. ಬಸುರಿಯಾಗಿದ್ದಾಗ ತಾಯಿಯು ಮೀನು ಉಂಡ ಹೊತ್ತಿನಲ್ಲಿಯೇ ಹಾಲು ಕುಡಿದುದು ಇದಕ್ಕೆ ಕಾರಣವೆಂದು ಅತ್ತೆಯವರು ನಿತ್ಯವೂ ಹೇಳುತ್ತಿರುವರಂತೆ. ಹೀಗಿರಲಾಗಿ ಆ ಹುಡುಗಿಯು ರಜೆಯಲ್ಲಿ ಯಾದಗಿರಿಯ ಸೋದರಮಾವನ ಮನೆಗೆ ಹೋದವಳು ಅಲ್ಲಿ ಪಿಜ್ಜಾ ಎಂಬ ಪರದೇಶದ ರೊಟ್ಟಿಯನ್ನು ತಿಂದು ಬಂದಿದ್ದಾಳೆ. ಅದರ ಮೇಲೆ ಡಬ್ಬಿಯಲ್ಲಿ ಬರುವ ಟ್ಯೂನಾ ಮೀನನ್ನೂ ಚೀಸನ್ನೂ ಹರಡಿದ್ದರು. ಈಗ ಮನೆಯಲ್ಲಿಯೂ ಅದನ್ನೇ ಮಾಡಿಕೊಡಬೇಕೆಂದು ಆಕೆಯ ಹಟ. ಮೀನೂ ಹಾಲೂ ಒಂದೇ ರೊಟ್ಟಿಯ ಮೇಲೆಂದು ಕೇಳಿ ಅತ್ತೆಯವರು ಒಲೆಯ ಮುಂದೆಯೇ ಕುಳಿತುಬಿಟ್ಟಿರುವರಂತೆ. ಮಾಡುವುದು ಹೇಗೆ, ಮಾಡಬಹುದೇ ಎಂಬ ಎರಡು ಪ್ರಶ್ನೆಗಳನ್ನು ಸೋದರಿಯು ಕೇಳಿದ್ದಾಳೆ. ಎರಡನೆಯದನ್ನೇ ನಾನು ಮೊದಲು ಎತ್ತಿಕೊಳ್ಳುವೆನು. ಅಡಿಗೆ ಕೆಟ್ಟರೆ ಒಂದು ಹೊತ್ತಿನ ಊಟ ಹೋಗುವುದಷ್ಟೆ. ಇಲ್ಲಿ ಒಬ್ಬ ತಾಯಿಯ ಮೇಲೆ ಅಪವಾದವಿದೆ.

ಮೀನನ್ನು ಹಾಲಿನೊಡನೆ ಉಣ್ಣಬಾರದೆಂಬುದು ಮುದುಕಿಯರ ಬರಿಯ ಹರಟೆಯಲ್ಲ. ಅದಕ್ಕೆ ಚರಕಸಂಹಿತೆಯಷ್ಟು ಹಳೆಯ ಆಧಾರವಿದೆ. ಆ ಗ್ರಂಥದ ಸೂತ್ರಸ್ಥಾನದ ೨೬ನೆಯ ಅಧ್ಯಾಯದಲ್ಲಿ ವಿರುದ್ಧಾಹಾರದ ವಿಚಾರ ಬಂದಿದೆ. ಮೀನು ಉಷ್ಣವೀರ್ಯ, ಹಾಲು ಶೀತವೀರ್ಯ. ಇವೆರಡೂ ಕೂಡಿದರೆ ರಕ್ತವು ದೂಷಿತವಾಗಿ ದೇಹದ ಸ್ರೋತಸ್ಸುಗಳಿಗೆ ತಡೆಯುಂಟಾಗುವುದೆಂದು ಅಲ್ಲಿಯ ಮತ. ಆದರೆ ಈ ಮತವು ಚರ್ಚೆಯಿಲ್ಲದೆ ಬಂದುದಲ್ಲವೆಂಬುದನ್ನು ಬಹುಮಂದಿ ಅರಿಯರು. ಚಿಲಿಚಿಮವೆಂಬ ಒಂದು ಜಾತಿಯನ್ನು ಬಿಟ್ಟು ಮಿಕ್ಕ ಎಲ್ಲ ಮೀನುಗಳನ್ನೂ ಹಾಲಿನೊಡನೆ ತಿನ್ನಬಹುದೆಂದು ಭದ್ರಕಾಪ್ಯನೆಂಬ ಋಷಿಯು ಅದೇ ಅಧ್ಯಾಯದಲ್ಲಿ ಹೇಳುತ್ತಾನೆ, ಆತ್ರೇಯನು ಒಪ್ಪುವುದಿಲ್ಲ. ಆ ಅಧ್ಯಾಯದ ಹೆಸರೇ ಆತ್ರೇಯಭದ್ರಕಾಪ್ಯೀಯ. ಇಷ್ಟೇ ಅಲ್ಲ, ವಿರುದ್ಧವಾದ ಆಹಾರವೂ ರೂಢಿಯಾದವರಿಗೆ, ಸ್ವಲ್ಪವೇ ತಿನ್ನುವವರಿಗೆ, ಜಠರಾಗ್ನಿ ಚುರುಕಾದ ತರುಣರಿಗೆ, ವ್ಯಾಯಾಮದಿಂದ ಬಲಿತವರಿಗೆ ಕೆಡುಕನ್ನು ಮಾಡಲಾರದೆಂದು ಅಧ್ಯಾಯದ ಕಡೆಯ ಭಾಗದಲ್ಲಿ ಹೇಳಿದೆ. ಶಾಸ್ತ್ರವನ್ನು ಹಿಡಿದು ಮಾತಾಡುವವರು ಶಾಸ್ತ್ರವನ್ನು ಪೂರ್ತಿಯಾಗಿ ಹಿಡಿಯಬೇಕು.

ಇನ್ನು ಇಂದಿನ ವೈದ್ಯರ ಮಾತು. ತೊನ್ನೆಂಬುದು ಚರ್ಮಕ್ಕೆ ಬಣ್ಣವನ್ನು ಕೊಡುವ ಜೀವಕೋಶಗಳು ನಾಶವಾಗುವುದರಿಂದ ಬರುವುದು. ನಮ್ಮ ದೇಹವನ್ನು ಕಾಯಬೇಕಾದ ಶಕ್ತಿಯೇ ದಾರಿತಪ್ಪಿ, ಆ ಜೀವಕೋಶಗಳನ್ನು ಹಗೆಗಳೆಂದು ಬಗೆದು ಕೊಲ್ಲುತ್ತದೆ. ಕೆಲವು ಮನೆತನಗಳಲ್ಲಿ ಈ ಸ್ವಭಾವವು ಹೆಚ್ಚಾಗಿರುವುದು ಕಂಡಿದೆ. ಇದು ಮುಟ್ಟಿದರೆ ಅಂಟುವ ರೋಗವಲ್ಲ, ಕುಷ್ಠವಲ್ಲ. ಮೀನೂ ಹಾಲೂ ಕೂಡಿ ಇದನ್ನು ಉಂಟುಮಾಡುವುದೆಂಬುದಕ್ಕೆ ಪ್ರಮಾಣವೇ ಇಲ್ಲ. ತಾಯಿಯು ಉಂಡ ಒಂದು ಊಟವು ಹತ್ತು ವರ್ಷಗಳ ಮೇಲೆ ಮಗಳ ಮೊಣಕೈಯಲ್ಲಿ ತಲೆಯೆತ್ತುವುದೆಂಬುದಕ್ಕಂತೂ ಯಾವ ಶಾಸ್ತ್ರದಲ್ಲಿಯೂ ನೆಲೆಯಿಲ್ಲ. ಬಂಗಾಲದವರು ಮೊಸರಿನಲ್ಲಿಯೇ ಮೀನನ್ನು ಬೇಯಿಸಿ, ಹಬ್ಬದ ಎಲೆಗೆ ಬಡಿಸುತ್ತಾರೆ. ಒಂದು ಶಬ್ದದ ಕತೆಯನ್ನೂ ಇಲ್ಲಿ ಹೇಳಬೇಕು. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಕುಷ್ಠವೆಂದರೆ ನಾನಾ ಚರ್ಮರೋಗಗಳ ಒಟ್ಟು ಹೆಸರು. ತೊನ್ನನ್ನು ಅವರು ಶ್ವಿತ್ರವೆಂದು ಕರೆದು, ಕುಷ್ಠಚಿಕಿತ್ಸೆಯ ಅಧ್ಯಾಯದಲ್ಲಿಯೇ ಅದಕ್ಕೂ ಎಡೆಗೊಟ್ಟರು. ಕಾಲಕ್ರಮದಲ್ಲಿ ಕುಷ್ಠವೆಂಬ ಮಾತು ಆ ಒಂದು ಭಯಂಕರ ರೋಗಕ್ಕೇ ನಿಂತುಹೋಗಿ, ಅದರ ಅಂಜಿಕೆಯು ಪಕ್ಕದಲ್ಲಿದ್ದ ಪಾಪದ ಶ್ವಿತ್ರಕ್ಕೂ ಅಂಟಿಕೊಂಡಿತು. ಎಷ್ಟು ಹೆಣ್ಣುಮಕ್ಕಳ ಮದುವೆಗಳು ಈ ಒಂದು ಶಬ್ದದಿಂದ ನಿಂತಿವೆಯೋ!

ಆದಕಾರಣ ಸೋದರಿಯು ಮಾಡತಕ್ಕ ಮೊದಲನೆಯ ಕೆಲಸವು ಹಿಟ್ಟು ನಾದುವುದಲ್ಲ, ಹುಡುಗಿಯನ್ನು ಚರ್ಮವೈದ್ಯರ ಬಳಿಗೆ ಕರೆದೊಯ್ಯುವುದು. ಯಾದಗಿರಿಯು ೨೦೦೯ರ ಡಿಸೆಂಬರಿನಲ್ಲಿ ಜಿಲ್ಲೆಯಾದ ಮೇಲೆ ಅಲ್ಲಿ ಸರಕಾರದ ವೈದ್ಯಕೀಯ ಕಾಲೇಜೂ ಬಂದಿದೆ. ಲೇಪನಗಳೂ ಬೆಳಕಿನ ಚಿಕಿತ್ಸೆಯೂ ಇವೆ. ಮಚ್ಚೆಗಳು ಹೊಸದಾಗಿರುವಾಗ ಅವುಗಳಿಂದ ಹೆಚ್ಚು ಗುಣ ಕಾಣುವ ಸಂಭವವುಂಟು. ಎರಡನೆಯದಾಗಿ, ಈ ಪುಟವನ್ನು ಅತ್ತೆಯವರಿಗೆ ಓದಿಹೇಳಬೇಕು. ಆದರೆ ಓದತಕ್ಕವರು ಸೊಸೆಯಲ್ಲ, ಮಗ. ಸೊಸೆ ಓದಿದರೆ ಅದು ವಾದವಾಗುವುದು, ಮಗ ಓದಿದರೆ ವಾರ್ತೆಯಾಗುವುದು. ಒಂದು ವರ್ಷದಿಂದ ಆತನು ಈ ವಿಷಯದಲ್ಲಿ ಏನನ್ನು ಹೇಳಿದನೆಂದು ಕಾಗದದಲ್ಲಿ ಒಂದು ಅಕ್ಷರವೂ ಇಲ್ಲ. ಅದು ನನಗೆ ಸರಿಕಾಣಲಿಲ್ಲ.

ಹಾಗಾದರೆ ಮೀನಿನ ವಿಷಯದಲ್ಲಿ ಭಯವೇ ಬೇಡವೇ? ಬೇಕು, ಆದರೆ ಅದನ್ನು ಇಡಬೇಕಾದ ಸ್ಥಳವೇ ಬೇರೆ. ಟ್ಯೂನಾ ಸಮುದ್ರದ ಮೀನು. ಇತರ ಮೀನುಗಳಂತಲ್ಲದೆ ಅದರ ಮೈ ಸುತ್ತಲಿನ ನೀರಿಗಿಂತ ಬೆಚ್ಚಗಿರುವುದು, ಮಾಂಸವು ಕೆಂಪು. ಹಿಡಿದೊಡನೆ ಮಂಜುಗಡ್ಡೆಯಲ್ಲಿಡದಿದ್ದರೆ ಆ ಮಾಂಸದಲ್ಲಿ ಹಿಸ್ಟಮೀನ್ ಎಂಬ ವಸ್ತುವು ಬೆಳೆಯುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗದು. ಅಂಥ ಮೀನನ್ನು ತಿಂದರೆ ಒಂದು ಗಳಿಗೆ ಎರಡು ಗಳಿಗೆಯೊಳಗಾಗಿ ಮುಖ ಕೆಂಪೇರಿ, ಮೈಮೇಲೆ ದದ್ದೆದ್ದು, ತುರಿಕೆ ತಲೆನೋವುಗಳು ಬರುವುವು. ಮೀನಿನಿಂದ ಚರ್ಮ ಕೆಡುವುದೆಂಬ ಹಿರಿಯರ ಮಾತಿಗೆ ಇಂಥ ಅನುಭವವೂ ಒಂದು ಮೂಲವಾಗಿದ್ದಿರಬಹುದೆಂದು ನನ್ನ ಊಹೆ. ಪಕ್ಕದಲ್ಲಿದ್ದ ಹಾಲಿನ ಬಟ್ಟಲು ಸುಮ್ಮನೆ ಸಿಕ್ಕಿಬಿದ್ದಿತು. ಮಂಗಳೂರು ಮಲ್ಪೆಗಳಲ್ಲಿ ಇಳಿಯುವ ಹಸಿಯ ಟ್ಯೂನಾವು ನಮ್ಮ ಬಿಸಿಲುನಾಡಿಗೆ ಬರುವಷ್ಟರಲ್ಲಿ ಏನಾಗುವುದೆಂದು ಹೇಳಬೇಕಾಗಿಲ್ಲ. ಲಕ್ಷದ್ವೀಪದವರು ಅದನ್ನು ಬೇಯಿಸಿ, ಹೊಗೆ ಹಾಯಿಸಿ, ಒಣಗಿಸಿ ಮಾಸ್ ಎಂದು ಮಾಡಿಕೊಳ್ಳುವುದು ಇದಕ್ಕಾಗಿಯೇ. ನಮಗೆ ಡಬ್ಬಿಯೇ ಗತಿ. ಆಹಾರವನ್ನು ಮುಚ್ಚಿದ ಪಾತ್ರೆಯಲ್ಲಿ ಕುದಿಸಿ ಕೆಡದಂತೆ ಇಡುವ ಉಪಾಯವನ್ನು ಪ್ರಕಟಿಸಿದವನು ಫ್ರಾನ್ಸಿನ ನಿಕೋಲಾ ಅಪ್ಪೆರ್. ೧೮೧೦ರಲ್ಲಿ ಅದಕ್ಕಾಗಿ ಆತನಿಗೆ ಸರಕಾರದಿಂದ ೧೨,೦೦೦ ಫ್ರಾಂಕುಗಳ ಬಹುಮಾನ ದೊರೆಯಿತು. ಡಬ್ಬಿಯು ಉಬ್ಬಿದ್ದರೆ, ಸೋರಿದ್ದರೆ ಎಸೆದುಬಿಡಬೇಕು, ರುಚಿನೋಡಲೂ ಬಾರದು. ದೊಡ್ಡ ಜಾತಿಯ ಟ್ಯೂನಾಗಳಲ್ಲಿ ಪಾದರಸದ ಅಂಶವು ಕೂಡಿರುತ್ತದಾದುದರಿಂದ ಬಸುರಿಯರೂ ಎಳೆಯ ಮಕ್ಕಳೂ ಅದನ್ನು ಪದೇಪದೇ ತಿನ್ನದಿರುವುದು ಲೇಸು. ಬಸುರಿಯರಿಗೆ ಮೀನನ್ನೂ ಹಾಲನ್ನೂ ಪೂರ್ತಿಯಾಗಿ ಬಿಡಿಸುವುದು ಮಾತ್ರ ಕೇಡಿನ ಪದ್ಧತಿ.

ಈಗ ರೊಟ್ಟಿಗೆ ಬರೋಣ. ಇದು ಇಟಲಿಯ ನೇಪಲ್ಸ್ ಪಟ್ಟಣದ ಬಡವರ ಆಹಾರ; ೨೦೧೭ರಲ್ಲಿ ಅಲ್ಲಿಯ ರೊಟ್ಟಿಗಾರರ ಕುಶಲತೆಯನ್ನು ಯುನೆಸ್ಕೋ ಸಂಸ್ಥೆಯು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಜೋಳದ ಹಿಟ್ಟಿಗೆ ಅಂಟಿಲ್ಲ. ಅದಕ್ಕೆಂದೇ ನಮ್ಮ ತಾಯಂದಿರು ಕುದಿಯುವ ಎಸರನ್ನು ಹೊಯ್ದು ನಾದುತ್ತಾರೆ. ಗೋದಿಯಲ್ಲಿ ಅಂಟಿರುವುದರಿಂದ ಅದು ಉಬ್ಬುವ ಗಾಳಿಯನ್ನು ಹಿಡಿದುಕೊಳ್ಳುವುದು. ಎರಡನ್ನೂ ಕೂಡಿಸಿದರೆ ನಮ್ಮ ನಾಲಗೆಗೆ ಪರಿಚಿತವಾದ ರೊಟ್ಟಿಯಾಗುವುದು. ನಾರಾಯಣಪುರದ ಕಾಲುವೆ ಬಂದ ಮೇಲೆ ಸುರಪುರ ಶಹಾಪುರಗಳ ಎಷ್ಟೋ ಜೋಳದ ಹೊಲಗಳು ಭತ್ತದ ಗದ್ದೆಗಳಾದುವು. ೨೦೨೩ನ್ನು ಸಿರಿಧಾನ್ಯಗಳ ವರ್ಷವೆಂದು ಜಗತ್ತೆಲ್ಲ ಆಚರಿಸಿತಾದರೂ ನಮ್ಮ ಮಕ್ಕಳು ರೊಟ್ಟಿಯ ಕಡೆ ನೋಡದಾಗಿದ್ದಾರೆ. ಪರದೇಶದ ಹೆಸರಿನಲ್ಲಾದರೂ ಜೋಳವು ಅವರ ಹೊಟ್ಟೆಗೆ ಹೋಗಲಿ.

೭೫ ಗ್ರಾಂ ಜೋಳದ ಹಿಟ್ಟಿಗೆ ಅಷ್ಟೇ ತೂಕದ ಕುದಿಯುವ ನೀರನ್ನು ಹಾಕಿ ಕಲಸಿ ಆರಲು ಬಿಡಿರಿ. ಪೂರ್ತಿ ಆರಬೇಕು, ಬಿಸಿಯಾಗಿದ್ದರೆ ಖಮೀರು ಸತ್ತುಹೋಗುವುದು. ಬೇಕರಿಗೆ ಬೇಕಾಗುವ ಸಾಮಾನು ಮಾರುವ ಅಂಗಡಿಗಳಲ್ಲಿ ಒಣ ಈಸ್ಟ್ ಎಂದು ದೊರೆಯುವುದೇ ಈ ಖಮೀರು. ಕೌಟಿಲ್ಯನ ಕಾಲದಲ್ಲಿ ಇಂಥ ಹುದುಗನ್ನು ಕಿಣ್ವವೆನ್ನುತ್ತಿದ್ದರು. ಒಂದು ಚಹಾ ಚಮಚ ಖಮೀರನ್ನು ಚಿಟಿಕೆ ಸಕ್ಕರೆಯೊಡನೆ ಉಗುರುಬೆಚ್ಚಗಿನ ಅರ್ಧ ಲೋಟ ನೀರಿನಲ್ಲಿ ಕದಡಿ, ನೊರೆ ಬಂದ ಮೇಲೆ, ೨೨೫ ಗ್ರಾಂ ಮೈದಾ, ಒಂದು ಚಮಚ ಉಪ್ಪು, ಒಂದು ಚಮಚ ಶೇಂಗಾ ಎಣ್ಣೆ, ಆರಿದ ಜೋಳದ ಹಿಟ್ಟು, ಇಷ್ಟನ್ನೂ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಬೇಕು. ಒದ್ದೆಬಟ್ಟೆ ಹೊದಿಸಿಟ್ಟರೆ ನಮ್ಮ ಬೇಸಗೆಯಲ್ಲಿ ಮುಕ್ಕಾಲು ಗಂಟೆಗೇ ಇಮ್ಮಡಿಯಾಗುವುದು. ಚಳಿಗಾಲದಲ್ಲಿ ಎರಡು ಗಂಟೆ ಬೇಕಾದೀತು. ಅದನ್ನು ಮೂರು ಉಂಡೆ ಮಾಡಿ ತಟ್ಟಿರಿ.

ಟೊಮೇಟೊ ನಾಲ್ಕು, ಬೆಳ್ಳುಳ್ಳಿ ನಾಲ್ಕು ಎಸಳು, ಎಣ್ಣೆ, ಉಪ್ಪು. ಇವನ್ನು ನೀರಿಂಗುವವರೆಗೂ ಬೇಯಿಸಬೇಕು. ಗೊಜ್ಜು ತೆಳುವಾದರೆ ರೊಟ್ಟಿಯು ತೊಯ್ದ ಕಾಗದದಂತಾಗುವುದು. ಡಬ್ಬಿಯ ಮೀನನ್ನು ಚೆನ್ನಾಗಿ ಬಸಿದು ಬೆರಳಿನಿಂದ ಬಿಡಿಸಿ, ತೆಳ್ಳಗೆ ಹೆಚ್ಚಿದ ಉಳ್ಳಾಗಡ್ಡಿಯೊಡನೆ ಬೆರಸಿರಿ. ಟ್ಯೂನಾ ಉಳ್ಳಾಗಡ್ಡಿಗಳ ಜೋಡಿಯು ಇಟಲಿಯವರಿಗೂ ಪ್ರಿಯವಾದುದೇ. ನಾನು ಮೀನು ತಿನ್ನುವವನಲ್ಲ. ರುಚಿಯ ಮಾತನ್ನು ನೆರೆಮನೆಯವರಿಂದ ಕೇಳಿ ಬರೆದಿದ್ದೇನೆ.

ಮನೆಯಲ್ಲಿ ಓವನ್ ಇಲ್ಲವೆಂದು ಸೋದರಿಯು ಮರುಗಿದ್ದಾಳೆ. ಬೇಕಾಗಿಯೇ ಇಲ್ಲ. ವೈದಿಕ ಯಜ್ಞಗಳಲ್ಲಿ ಪುರೋಡಾಶವೆಂಬ ಹಿಟ್ಟಿನ ರೊಟ್ಟಿಯನ್ನು ಮಾಡುವಾಗ, ಅಗ್ನಿಗಾದರೆ ಎಂಟು, ಅಗ್ನೀಷೋಮರಿಗಾದರೆ ಹನ್ನೊಂದು ಕಪಾಲಗಳನ್ನು, ಎಂದರೆ ಮಣ್ಣಿನ ಬಿಲ್ಲೆಗಳನ್ನು, ಬೆಂಕಿಯ ಮೇಲೆ ಜೋಡಿಸಿ ಕಾಯಿಸಿ, ಅದರ ಮೇಲೆ ಹಿಟ್ಟನ್ನಿಟ್ಟು, ಮೇಲುಗಡೆಗೂ ಕೆಂಡವನ್ನು ಹರಡುತ್ತಿದ್ದರು. ಕೆಳಗೂ ಮೇಲೂ ಕಾವು ಬೇಕೆಂಬುದೇ ಅದರ ಗುಟ್ಟು. ದಪ್ಪನೆಯ ಹಂಚನ್ನು ಕಾಯಿಸಿ ರೊಟ್ಟಿಯನ್ನು ಎರಡು ನಿಮಿಷ ಸುಟ್ಟು, ತಿರುವಿಹಾಕಿ, ಬೆಂದ ಮಗ್ಗುಲಿನ ಮೇಲೆ ಗೊಜ್ಜು, ಮೀನು, ತುರಿದ ಚೀಸು ಹರಡಿ, ಉರಿಯನ್ನು ತಗ್ಗಿಸಿ, ಮುಚ್ಚಳವಿಟ್ಟು ಆರೇಳು ನಿಮಿಷ ಬಿಡಿರಿ. ಸೌದೆಯ ಒಲೆಯಾದರೆ ಮುಚ್ಚಳದ ಮೇಲೆ ನಾಲ್ಕು ಕೆಂಡವನ್ನಿಡಿರಿ, ಮೇಲ್ಮೈ ಕೆಂಪಗಾಗುವುದು. ಗ್ಯಾಸಿನ ಒಲೆಯಲ್ಲಿ ಚೀಸು ಕರಗುವುದು, ಕೆಂಪಾಗದು, ಅಷ್ಟಕ್ಕೆ ತೃಪ್ತರಾಗಬೇಕು.

ಡಬ್ಬಿಯು ದುಬಾರಿಯೆಂದು ತೋರಿದರೆ ಕೃಷ್ಣೆ ಭೀಮೆಗಳ ಮೀನು ಇದ್ದೇ ಇದೆ. ರೋಹು ಕಾಟ್ಲಾಗಳಲ್ಲಿ ಕೂದಲಿನಂಥ ಮುಳ್ಳುಗಳಿರುವುದರಿಂದ ಮಕ್ಕಳ ರೊಟ್ಟಿಗೆ ಅವು ಬೇಡ. ಹೈದರಾಬಾದಿನ ಕಡೆಯವರು ಮರಲ್ ಎನ್ನುವ, ಹಾವಿನಂಥ ತಲೆಯ ಮೀನಿಗೆ ಮುಳ್ಳು ಕಡಮೆ. ಅದನ್ನು ಅರಿಸಿನ ಉಪ್ಪು ಹಚ್ಚಿ ಹಬೆಯಲ್ಲಿ ಬೇಯಿಸಿ ಬಿಡಿಸಿಕೊಂಡರೆ ಟ್ಯೂನಾದ ಕೆಲಸವನ್ನೇ ಮಾಡುವುದು.

ಅತ್ತೆಯವರ ಮನಸ್ಸು ಇಷ್ಟಾದರೂ ಒಪ್ಪದಿದ್ದರೆ ಅವರನ್ನು ಎದುರಿಸಿ ನಿಲ್ಲುವುದು ಬೇಡ. ನೇಪಲ್ಸಿನ ಹಳೆಯ ಪಿಜ್ಜಾಗಳಲ್ಲಿ ಒಂದಾದ ಮರಿನಾರಾ ಎಂಬುದರಲ್ಲಿ ಚೀಸೇ ಇಲ್ಲ. ಟೊಮೇಟೊ, ಬೆಳ್ಳುಳ್ಳಿ, ಎಣ್ಣೆ, ಒಂದಿಷ್ಟು ಸೊಪ್ಪು. ಅದರ ಮೇಲೆ ಮೀನನ್ನು ಹರಡಿ ಹುಡುಗಿಗೆ ಕೊಡಿರಿ; ಚೀಸು ಹಾಕಿದ ಇನ್ನೊಂದನ್ನು, ಮೀನಿಲ್ಲದೆ, ಅತ್ತೆಯವರಿಗೆ ಮೊದಲು ಬಡಿಸಿರಿ. ಮೂರನೆಯ ಉಂಡೆಯನ್ನು ಏನು ಮಾಡಬೇಕೆಂಬುದನ್ನು ಅತ್ತೆ ಸೊಸೆಯರೇ ಕೂಡಿ ಗೊತ್ತುಮಾಡಿಕೊಳ್ಳಲಿ. ತೆರೆದ ಡಬ್ಬಿಯಲ್ಲಿ ಮೀನು ಉಳಿದರೆ ಬೇರೆ ಪಾತ್ರೆಗೆ ಹಾಕಿ ಶೀತಕದಲ್ಲಿಟ್ಟು ಮಾರನೆಯ ದಿನದೊಳಗೆ ಮುಗಿಸಬೇಕು. ಶೀತಕವಿಲ್ಲದ ಮನೆಯಲ್ಲಿ ಅದನ್ನು ಅದೇ ಹೊತ್ತಿಗೆ ತೀರಿಸತಕ್ಕುದು.

ಕಟಕರೊಟ್ಟಿಗೆ ಬೂಜು ಹಿಡಿಯುವುದರ ಬಗ್ಗೆ ಶಹಾಪುರದಿಂದ ಬಂದಿರುವ ಪ್ರಶ್ನೆಗೆ ಮುಂದಿನ ತಿಂಗಳು ಬರೆಯುವೆನು.